ಏರುವ ನೀರನ್ನು ಬೆಳಕು, ನೃತ್ಯಗಳಲ್ಲಿ ಕಾಣಿಸಬಹುದೇ?

ಪ್ರಶ್ನೆ: ಸಾರ್ವಜನಿಕ ಬಯಲಿನಲ್ಲಿ ಬೆಳಕು ಮತ್ತು ನೃತ್ಯದ ಮೂಲಕ ಹವಾಮಾನ ಬದಲಾವಣೆಯನ್ನು ತೋರಿಸುವ ಕಲೆ ನೋಡುಗರಲ್ಲಿ ಬೆರಗನ್ನಷ್ಟೇ ಹುಟ್ಟಿಸುತ್ತದೆಯೋ ಅಥವಾ ಅಪಾಯದ ಅರಿವನ್ನೂ ಮೂಡಿಸುತ್ತದೆಯೋ?

ಉತ್ತರ: ಅರಿವನ್ನೂ ಮೂಡಿಸುತ್ತದೆ ಎಂದೇ ನನ್ನ ನಂಬಿಕೆ. 2015ರಲ್ಲಿ ಡಚ್ ಕಲಾವಿದ ಡಾನ್ ರೋಸೆಗಾರ್ಡೆ ಅವರು ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂ ಬಯಲಿನಲ್ಲಿ, ಸೇರಿದ ಜನರ ತಲೆಯ ಮೇಲೆ ಎಲ್‌ಇಡಿ ಮತ್ತು ಮಸೂರಗಳಿಂದ ನೀಲಿ ಬೆಳಕಿನ ಅಲೆಗಳನ್ನು ಹರಡಿ, ತಡೆಗೋಡೆಗಳಿಲ್ಲದಿದ್ದರೆ ನೀರು ಎಷ್ಟು ಎತ್ತರಕ್ಕೆ ಬರಬಹುದೆಂಬುದನ್ನು ಕಾಣಿಸಿದರು. ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶದಲ್ಲಿ ಅದು ಕೇವಲ ಕಲ್ಪನೆಯಲ್ಲ. ನಿಂತಲ್ಲೇ ಮುಳುಗಿದ ಅನುಭವ. ಅಂಕಿಅಂಶಗಳ ಪಟ್ಟಿಗೆ ಈ ಶಕ್ತಿ ಇಲ್ಲ.

ಮತ್ತೊಂದು ಉತ್ತರ: ನೃತ್ಯದ ಮಾತನ್ನೂ ಸೇರಿಸುತ್ತೇನೆ. ನ್ಯೂಯಾರ್ಕ್‌ನ ನೃತ್ಯಸಂಯೋಜಕಿ ಜೋಡಿ ಸ್ಪರ್ಲಿಂಗ್ 2014ರಲ್ಲಿ ವಿಜ್ಞಾನಿಗಳೊಡನೆ 'ಹೀಲಿ' ಎಂಬ ಹಿಮಭೇದಕ ಹಡಗಿನಲ್ಲಿ ಆರ್ಕ್ಟಿಕ್‌ಗೆ ತೆರಳಿ, ಸಮುದ್ರದ ಹಿಮದ ಮೇಲೆಯೇ ನರ್ತಿಸಿದರು. ಅಗಲವಾದ ಉಡುಪನ್ನು ಬೀಸುತ್ತಾ ಕುಣಿಯುವ ಅವರ ಶೈಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೆಸರಾದ ಅಮೆರಿಕದ ನರ್ತಕಿ ಲೋಯಿ ಫುಲ್ಲರ್ ಅವರ ಕಾಲದ್ದು. ಆ ಬಟ್ಟೆಯೇ ಬೆಳಕಿಗೆ ಪರದೆಯಾಗುತ್ತದೆ.

ಪ್ರಶ್ನೆ ಕೇಳಿದವರು: ಕೃತಜ್ಞತೆಗಳು. ಬಟ್ಟೆಯೇ ಪರದೆಯಾಗುವುದಾದರೆ, ಕರಗುವ ಹಿಮದ ಚಿತ್ರಗಳನ್ನು ನರ್ತಕಿಯ ಮೈಮೇಲೆಯೇ ಮೂಡಿಸಿದರೆ ಪರಿಣಾಮ ಇನ್ನೂ ಗಾಢವಾಗುತ್ತದೆಯೇ ಎಂಬುದನ್ನು ರಂಗದ ಬೆಳಕನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.