ಸಮುದ್ರಮಟ್ಟದಲ್ಲಿದ್ದುಕೊಂಡು 5,000 ಮೀಟರ್ ಶಿಖರಕ್ಕೆ ತಯಾರಿ: ಹೋಗಿ ಬಂದವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಮನಾಲಿ ಪಕ್ಕದ ಫ್ರೆಂಡ್‌ಶಿಪ್ ಪೀಕ್‌ಗೆ ಹೆಸರು ಕೊಟ್ಟುಬಿಟ್ಟಿದ್ದೇನೆ. 5,289 ಮೀಟರ್. ಹಿಂದೆ ಕೇದಾರಕಂಠ ಹತ್ತಿದ್ದೆ, ಅದು 3,800 ಮೀಟರ್ ಹತ್ತಿರ, ಅಲ್ಲೇನೂ ತೊಂದರೆ ಆಗಿರಲಿಲ್ಲ. ಬೂಟಿನ ಅಡಿಗೆ ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಹಿಡಿಯುವ ಲೋಹದ ಹಲ್ಲುಗಳು) ಕಟ್ಟಿಕೊಂಡು ಹಿಮದ ಏರು ಹತ್ತುವುದು ಮಾತ್ರ ಇದೇ ಮೊದಲು. ವಯಸ್ಸು 36, ಬಿಪಿ ಶುಗರ್ ಯಾವುದೂ ಇಲ್ಲ. ಆಫೀಸು ಅಂಧೇರಿಯಲ್ಲಿ. ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ, ಹಾಗಾಗಿ ದಿನಾ ಎರಡು ಗಂಟೆ ವ್ಯಾಯಾಮ ಮಾಡಿ ಅನ್ನುವವರು ದಯವಿಟ್ಟು ಕ್ಷಮಿಸಿ. ಈಗಾಗಲೇ ಮೇ ಅರ್ಧ ಆಯ್ತು. ಅಂದರೆ ನನ್ನ ಕೈಯಲ್ಲಿರುವುದೆಲ್ಲ ಮಳೆಗಾಲವೇ. ಸದ್ಯ ವಾರಕ್ಕೆ ಮೂರು ದಿನ ಐದು ಕಿಲೋಮೀಟರ್ ಓಡುತ್ತೇನೆ. ಇಷ್ಟು ಸಾಕಾ? ಜಿಮ್ ಸೇರಲಾ? ಎತ್ತರದ ಗಾಳಿಯ ಅಭ್ಯಾಸ ಮಾಡಿಸುತ್ತದೆ ಅಂತ ಒಂದು ಮಾಸ್ಕ್ ಮಾರುತ್ತಾರಲ್ಲ, ಅದನ್ನು ತಗೊಳ್ಳಲಾ? ಎತ್ತರದ ಕಾಯಿಲೆ ಬರದಿರಲಿ ಅಂತ ತಗೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಥಾಣೆಯಿಂದ

ಅಕ್ಕಾ, ಓಟ ಬಿಡಬೇಡಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಶಿಖರದ ದಿನ ಏನಿರುತ್ತದೆ ಅಂತ ನೋಡಿ. ರಾತ್ರಿ ಒಂದು, ಎರಡು ಗಂಟೆಗೆ ಟೆಂಟಿನಿಂದ ಎಬ್ಬಿಸುತ್ತಾರೆ. ಕೊನೆಯ ಕ್ಯಾಂಪ್ ಎಲ್ಲಿ ಹಾಕಿದ್ದಾರೆ ಅನ್ನುವುದರ ಮೇಲೆ ಸಾವಿರ ಮೀಟರಿಗಿಂತ ಜಾಸ್ತಿ ಏರು ಇರಬಹುದು, ಅಷ್ಟೂ ಒಂದೇ ಸಲಕ್ಕೆ, ಕಾಲಲ್ಲಿ ಕಲ್ಲಿನಂಥ ಬೂಟು, ಅದರ ಕೆಳಗೆ ಕ್ರ್ಯಾಂಪನ್, ಬೆನ್ನ ಮೇಲೆ ಸ್ಯಾಕ್. ಹತ್ತಿ ಇಳಿದು ಕ್ಯಾಂಪ್ ಸೇರುವ ಹೊತ್ತಿಗೆ ಹತ್ತು ಹನ್ನೆರಡು ಗಂಟೆ ಕಾಲ ಮೇಲೇ ಇರುತ್ತೀರಿ. ಅರ್ಧ ಗಂಟೆ ಜೋರಾಗಿ ಓಡುವ ದೇಹ ಬೇರೆ, ಹತ್ತು ಗಂಟೆ ನಿಧಾನವಾಗಿ ನಿಲ್ಲದೆ ಹತ್ತುವ ದೇಹ ಬೇರೆ. ನಿಮಗೆ ಬೇಕಾಗಿರುವುದು ಎರಡನೆಯದು.

ಆ ನಿಧಾನ ಅನ್ನುವುದನ್ನೇ ಜನ ಕಲಿಯುವುದಿಲ್ಲ. ಅಳತೆ ಸುಲಭ: ಹತ್ತುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಂದೊಂದು ಪದಕ್ಕೂ ಉಸಿರು ಎಳೆಯುತ್ತಿದ್ದರೆ ವೇಗ ಜಾಸ್ತಿ ಆಯ್ತು ಅಂತ. ವಾರದ ಒಟ್ಟು ಅಭ್ಯಾಸದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ವೇಗದಲ್ಲೇ ಇರಲಿ. ಬೇಜಾರಾಗುತ್ತದೆ, ಏನೂ ಮಾಡಿದ ಹಾಗೇ ಅನ್ನಿಸುವುದಿಲ್ಲ. ಆದರೂ ಅದೇ ಕೆಲಸಕ್ಕೆ ಬರುವುದು.

ವಾರದ ದಿನಗಳಲ್ಲಿ ಮೆಟ್ಟಿಲು ಸಾಕು. ನಿಮ್ಮದು ಅಥವಾ ಪಕ್ಕದ ಯಾವುದಾದರೂ 20 ಮಹಡಿಯ ಕಟ್ಟಡ ಹುಡುಕಿ. ಮಹಡಿಗೆ ಮೂರು ಮೀಟರ್ ಅಂತ ಹಿಡಿದರೆ ಒಂದು ಸಲ ಹತ್ತಿದರೆ 60 ಮೀಟರ್, ಹತ್ತು ಸಲ ಹತ್ತಿದರೆ 600. ಶುರುವಿನಲ್ಲಿ ಇಳಿಯಲು ಲಿಫ್ಟ್ ಹಿಡಿಯಿರಿ, ಮಂಡಿ ಉಳಿಯುತ್ತದೆ. ಮೊದಲ ಎರಡು ವಾರ ಸ್ಯಾಕ್‌ನಲ್ಲಿ ನಾಲ್ಕು ಕೆಜಿ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಆಗಸ್ಟ್ ಹೊತ್ತಿಗೆ ಹತ್ತು ಕೆಜಿ. ಭಾರಕ್ಕೆ ನೀರಿನ ಬಾಟಲಿ ತುಂಬಿ. ಸುಸ್ತಾದರೆ ಮೇಲೆ ಚೆಲ್ಲಿ ಹಗುರಾಗಿ ಇಳಿಯಬಹುದು, ಡಂಬೆಲ್ ತುಂಬಿದರೆ ಆ ಸೌಕರ್ಯ ಇಲ್ಲ. ನಾಲ್ಕು ವಾರಕ್ಕೊಮ್ಮೆ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡಿ. ನಮ್ಮ ಸೊಸೈಟಿಯ ವಾಚ್‌ಮ್ಯಾನ್ ನನ್ನನ್ನು ನೋಡಿ ಮೊದಲ ವಾರ "ಲಿಫ್ಟ್ ಚಾಲೂ ಇದೆ ಸಾಹೇಬ್" ಅಂತ ದಿನಾ ಹೇಳುತ್ತಿದ್ದ. ಆಮೇಲೆ ಸುಮ್ಮನಾದ. ಈಗ ಹೊಸ ಬಾಡಿಗೆದಾರರಿಗೆ ಅವನೇ ನನ್ನ ಕಥೆ ಹೇಳುತ್ತಾನೆ.

ಇದೇ ಮೆಟ್ಟಿಲ ಮೇಲೆ ಇನ್ನೊಂದನ್ನು ರೂಢಿ ಮಾಡಿಕೊಳ್ಳಿ. ಮುಂದಿನ ಕಾಲನ್ನು ಮೇಲಿನ ಮೆಟ್ಟಿಲ ಮೇಲಿಡಿ, ಆದರೆ ಭಾರ ಹಾಕಬೇಡಿ. ಹಿಂದಿನ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡಿ, ಇಡೀ ಮೈಭಾರವನ್ನು ಆ ಕಾಲಿನ ಎಲುಬಿನ ಮೇಲೆ ಬಿಟ್ಟು ಒಂದು ಉಸಿರು ನಿಲ್ಲಿ. ತೊಡೆಯ ಸ್ನಾಯು ಸಡಿಲ ಆಗಿದ್ದು ಗೊತ್ತಾಗುತ್ತದೆ. ಆಮೇಲೆ ಭಾರ ಮುಂದಕ್ಕೆ. ರೆಸ್ಟ್ ಸ್ಟೆಪ್ ಅನ್ನುತ್ತಾರೆ. ಒಂದು ಹೆಜ್ಜೆಗೆ ಒಂದು ಉಸಿರು. 5,000 ಮೀಟರ್ ದಾಟಿದ ಮೇಲೆ ಇದನ್ನು ಹೊಸದಾಗಿ ಕಲಿಯಲು ತಲೆ ಓಡುವುದಿಲ್ಲ, ಕಾಲಿಗೇ ಗೊತ್ತಿರಬೇಕು.

ಪುಣೆ, ಕೋಥ್ರೂಡ್‌ನಿಂದ

ಥಾಣೆಯವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆದರೆ ಲಿಫ್ಟಿನಲ್ಲಿ ಇಳಿಯುವ ಮಾತು ಒಂದು ತಿಂಗಳಿಗೆ ಮಾತ್ರ ಒಪ್ಪುತ್ತೇನೆ. ಹಿಮಾಲಯದಲ್ಲಿ ಕಾಲು ಕೈಕೊಡುವುದು ಇಳಿಯುವಾಗಲೇ. ಇಳಿಯುವಾಗ ತೊಡೆ ಬ್ರೇಕಿನ ಕೆಲಸ ಮಾಡುತ್ತದೆ, ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು, ಮಾರನೇ ದಿನ ಕಮೋಡ್ ಮೇಲೆ ಕೂರುವುದೂ ಕಷ್ಟ ಅನ್ನಿಸುತ್ತದಲ್ಲ, ಅದು ಇದರಿಂದಲೇ. ಈ ನೋವು ಕಡಿಮೆ ಆಗಬೇಕಾದರೆ ಇಳಿದೇ ಅಭ್ಯಾಸ ಮಾಡಬೇಕು, ಬೇರೆ ದಾರಿ ಇಲ್ಲ.

ನಮಗಿಲ್ಲಿ ಸಿಂಹಗಡ ಇದೆ. ಆತಕರವಾಡಿಯಿಂದ ಮೇಲಕ್ಕೆ ಸುಮಾರು 600 ಮೀಟರ್ ಏರು. ನಸುಕಿನಲ್ಲೇ ಹೋದರೆ ಅರ್ಧ ಪುಣೆ ಅಲ್ಲೇ ಇರುತ್ತದೆ. ಎಪ್ಪತ್ತರ ಅಜ್ಜಂದಿರು ಕೋಲೂ ಇಲ್ಲದೆ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಗಡಿಯಾರ ನೋಡಿಕೊಂಡು ಎಷ್ಟು ನಿಮಿಷದಲ್ಲಿ ಹತ್ತಿದೆ ಅನ್ನುವ ಹುಡುಗರ ಗುಂಪೂ ಇದೆ, ಅವರ ಸಹವಾಸ ನಿಮಗೆ ಬೇಡ. ನೀವು ಸ್ಯಾಕ್ ಹೊತ್ತು ನಿಧಾನ ಹತ್ತಿ, ಮೇಲೆ ಒಂದು ಮಡಕೆ ಮೊಸರು ತಿಂದು, ಇಳಿದು, ಮತ್ತೆ ಹತ್ತಿ. ಎರಡನೇ ಸಲ ಹತ್ತುವುದೇ ನಿಜವಾದ ಅಭ್ಯಾಸ. ಒಂದೇ ದಿನ ಎರಡು ಸಲ ಹತ್ತಿ ಇಳಿದು, ಮಾರನೇ ದಿನ ಆಫೀಸಿನ ಮೆಟ್ಟಿಲು ಮಾಮೂಲಿನಂತೆ ಹತ್ತಲು ಆದರೆ ಕಾಲು ತಯಾರು ಅಂತ ನನ್ನ ಲೆಕ್ಕ. ಆದರೆ ಮೇಲೆ ಸಿಗುವ ಪಿಠ್ಲ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಎರಡನೇ ಸಲದ ನಂತರ ಮಾತ್ರ.

ಸಿಂಹಗಡದ ತುದಿ 1,300 ಮೀಟರ್ ಚಿಲ್ಲರೆ. ಮಹಾರಾಷ್ಟ್ರದಲ್ಲೇ ಎತ್ತರದ ಕಳಸೂಬಾಯಿ 1,646. ಸಹ್ಯಾದ್ರಿಯಲ್ಲಿ ಎಷ್ಟು ಹತ್ತಿದರೂ ಎತ್ತರದ ಗಾಳಿ ಸಿಗುವುದಿಲ್ಲ, ಕಾಲು ಮಾತ್ರ ಗಟ್ಟಿ ಆಗುತ್ತದೆ. ಹಾಗಂತ ಇಲ್ಲಿಯವರಿಗೆ ಆಗುವುದಿಲ್ಲ ಅಂತಲ್ಲ. 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಹತ್ತಿದ ಗಿರಿಪ್ರೇಮಿ ತಂಡ ಪುಣೆಯದೇ.

ಕಲ್ಯಾಣದಿಂದ

ಮೇಡಂ, ಪುಣೆಯವರು ಸಿಂಹಗಡ ಬಿಟ್ಟರೆ ಬೇರೆ ಬೆಟ್ಟವೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹತ್ತಿ ನೇರಳಕ್ಕೆ ಬನ್ನಿ. ಅಲ್ಲಿಂದ ಮಾಥೇರಾನ್‌ಗೆ ರಸ್ತೆಯಲ್ಲೇ ನಡೆದು ಹತ್ತಿ. ನೇರಳ ಹೆಚ್ಚುಕಡಿಮೆ ಸಮುದ್ರಮಟ್ಟ, ಮಾಥೇರಾನ್ 800 ಮೀಟರ್. ಅಂದರೆ ಸಿಂಹಗಡಕ್ಕಿಂತ ಜಾಸ್ತಿ ಏರು, ಅದೂ ಕೆಸರಿಲ್ಲದ ರಸ್ತೆ. ಮಳೆಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಟ್ಯಾಕ್ಸಿಗಳು ಮಾತ್ರ ತಿರುವಿನಲ್ಲಿ ಹಿಂದೆಮುಂದೆ ನೋಡುವುದಿಲ್ಲ, ಕಣ್ಣಿಗೆ ಹೊಡೆಯುವ ಬಣ್ಣದ ರೇನ್‌ಕೋಟ್ ಹಾಕಿಕೊಳ್ಳಿ. ಮಂಡಿ ಕಿರಿಕಿರಿ ಮಾಡಿದ ದಿನ, ಮೇಲೆ ಗಾಡಿಗಳು ನಿಲ್ಲುವ ದಸ್ತೂರಿ ನಾಕಾದಿಂದ ಶೇರ್ ಟ್ಯಾಕ್ಸಿಯಲ್ಲಿ ಇಳಿದುಬಿಡಿ.

ಇನ್ನೂ ಹತ್ತಿರ ಬೇಕು ಅಂದರೆ ಮಲಂಗಗಡ. ದರ್ಗಾದ ತನಕ ಮೆಟ್ಟಿಲಿದೆ, ಮಳೆಯಲ್ಲೂ ನಡೆಯುತ್ತದೆ. ಅದರ ಮೇಲಿನ ಕೋಟೆಯ ಬಂಡೆಗೆ ಮಾತ್ರ ಮಳೆಗಾಲದಲ್ಲಿ ಹೋಗಬೇಡಿ. ಜಲಪಾತದ ಒಳಗೆ ಹತ್ತುವ ವೀಡಿಯೊ ನೋಡಿ ಜೂನ್‌ನಲ್ಲಿ ಕಾಲು ಮುರಿದುಕೊಂಡರೆ ಸೆಪ್ಟೆಂಬರ್ ಹೋಯ್ತು ಅಂತಲೇ.

ಮುಲುಂಡ್‌ನಿಂದ

ಜಿಮ್‌ಗೆ ದುಡ್ಡು ಕೊಡಬೇಕಾಗಿಲ್ಲ. ವಾರಕ್ಕೆ ಎರಡು ದಿನ ಮನೆಯಲ್ಲೇ ಅರ್ಧ ಗಂಟೆ: ಗಟ್ಟಿ ಸ್ಟೂಲಿನ ಮೇಲೆ ಒಂದೊಂದೇ ಕಾಲಲ್ಲಿ ಹತ್ತಿ ನಿಧಾನವಾಗಿ ಇಳಿಯುವುದು, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಏಳುವುದು), ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವುದು), ಮತ್ತೆ ಹೊಸ್ತಿಲ ಮೇಲೆ ಮುಂಗಾಲು ಇಟ್ಟು ಹಿಮ್ಮಡಿ ಎತ್ತಿ ಇಳಿಸುವುದು. ಕೊನೆಯದನ್ನು ಬಿಡಬೇಡಿ. ಕ್ರ್ಯಾಂಪನ್‌ನ ಮುಂದಿನ ಹಲ್ಲು ಊರಿ ಕಡಿದಾದ ಹಿಮ ಹತ್ತುವಾಗ ಮೀನಖಂಡ ಉರಿದುಹೋಗುತ್ತದೆ. ಬ್ಯಾಲೆನ್ಸ್ ಅಭ್ಯಾಸ ನಿಮಗೆ ಹೇಳಿಕೊಡಬೇಕಾಗಿಲ್ಲ. ಏಳರ ಲೋಕಲ್‌ನಲ್ಲಿ ನಿಂತು ಹೋಗುವವರಿಗೆ ಅದು ತಾನಾಗೇ ಬಂದಿರುತ್ತದೆ.

ವಾಸ್ಕೋದಿಂದ

ನಾನು ಡಾಕ್ಟರ್. ಲಡಾಖ್‌ನಲ್ಲಿ ಚಾರಣ ಮಾಡಿದ್ದೇನೆ, ನಿಮ್ಮಂತೆ ಶಿಖರಗಿಖರ ಹತ್ತಿದವನಲ್ಲ. ಮಾಸ್ಕ್ ಮತ್ತು ಡೈಮಾಕ್ಸ್ ಬಗ್ಗೆ ಯಾರೂ ಉತ್ತರಿಸಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾಸ್ಕ್ ಬೇಡ. ಗಾಳಿಯಲ್ಲಿ ಆಮ್ಲಜನಕ ಮುಂಬೈಯಲ್ಲೂ ಶೇಕಡಾ 21, ಶಿಖರದ ಮೇಲೂ ಶೇಕಡಾ 21. ಮೇಲೆ ಹೋದಂತೆ ಕಡಿಮೆ ಆಗುವುದು ಗಾಳಿಯ ಒತ್ತಡ. 5,500 ಮೀಟರ್ ಹೊತ್ತಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಆ ಮಾಸ್ಕ್ ಒತ್ತಡ ಇಳಿಸುವುದಿಲ್ಲ, ಗಾಳಿ ಬರುವ ದಾರಿಯನ್ನು ಚಿಕ್ಕದು ಮಾಡುತ್ತದೆ ಅಷ್ಟೇ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಓಡಿದರೂ ಅದೇ ಸುಖ. ಪ್ರಾಣಾಯಾಮ ಮಾಡಿ, ಒಳ್ಳೆಯದೇ, ಆದರೆ ಅದರಿಂದಲೂ ಎತ್ತರಕ್ಕೆ ಹೊಂದಾಣಿಕೆ ಬರುವುದಿಲ್ಲ. ಹೊಂದಾಣಿಕೆ ಬರುವುದು ಎತ್ತರದಲ್ಲಿ ರಾತ್ರಿ ಕಳೆದಾಗ ಮಾತ್ರ.

ಇನ್ನೊಂದು ಮಾತು ಎಲ್ಲ ಗಟ್ಟಿಗರೂ ಕೇಳಿಸಿಕೊಳ್ಳಿ. ಫಿಟ್ ಆಗಿದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಮ್ಯಾರಥಾನ್ ಓಡುವವರಿಗೂ ಬರುತ್ತದೆ. ಎಷ್ಟೋ ಸಲ ಅವರಿಗೇ ಕಷ್ಟ, ಯಾಕೆಂದರೆ ಕಾಲಲ್ಲಿ ಶಕ್ತಿ ಇದೆ ಅಂತ ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ. ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ಹಗಲು ಮೇಲೆ ಹೋಗಿ ಬಂದು ಕೆಳಗೆ ಮಲಗಿದರೆ ಇನ್ನೂ ಒಳ್ಳೆಯದು. ನಿಮ್ಮ ತಂಡದವರ ಕಾರ್ಯಕ್ರಮವನ್ನು ಮುಂದಿಟ್ಟುಕೊಂಡು ಪ್ರತಿ ರಾತ್ರಿಯ ಎತ್ತರ ಬರೆದು ನೋಡಿ. ಹೊಂದಿಕೊಳ್ಳಲು ದಿನವೇ ಇಟ್ಟಿಲ್ಲ, ಹವಾಮಾನ ಕೆಟ್ಟರೆ ಅಂತ ಒಂದು ದಿನ ಕೈಯಲ್ಲಿಲ್ಲ ಅಂದರೆ ಎಷ್ಟು ಅಗ್ಗ ಇದ್ದರೂ ಬೇರೆಯವರನ್ನು ನೋಡಿ. ನಾಲ್ಕು ತಿಂಗಳ ಮೆಟ್ಟಿಲಿಗಿಂತ ಈ ಎರಡು ಹೆಚ್ಚುವರಿ ದಿನ ನಿಮ್ಮನ್ನು ಮೇಲೆ ಮುಟ್ಟಿಸುವ ಸಾಧ್ಯತೆ ಜಾಸ್ತಿ.

ಡೈಮಾಕ್ಸ್ ಅಂದರೆ ಅಸಿಟಜೋಲಮೈಡ್. ಕಾಯಿಲೆಯನ್ನು ಮುಚ್ಚಿಹಾಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅದು ಉಸಿರಾಟವನ್ನು ಹೆಚ್ಚಿಸಿ ದೇಹ ಹೊಂದಿಕೊಳ್ಳುವುದನ್ನೇ ಬೇಗ ಮಾಡಿಸುತ್ತದೆ. ತಡೆಗಟ್ಟಲು ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರಲು ಶುರು ಮಾಡುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಗಾಬರಿ ಬೇಡ. ಸಲ್ಫಾ ಔಷಧಿ ಆಗದವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ಡಾಕ್ಟರನ್ನು ಕೇಳಬೇಕು. ನಿಜ ಹೇಳಬೇಕೆಂದರೆ ಎಲ್ಲರೂ ಕೇಳಬೇಕು, ನಾನಿಲ್ಲಿ ಬರೆದದ್ದು ಚೀಟಿ ಅಲ್ಲ. ಹೋಗುವ ಮೊದಲು ಮನೆಯಲ್ಲಿ ಒಂದೆರಡು ದಿನ ತಗೊಂಡು ನೋಡಿದರೆ ಆಗಿಬರುತ್ತದಾ ಇಲ್ಲವಾ ಗೊತ್ತಾಗುತ್ತದೆ.

ಮೇಲೆ ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೆಲದ ಮೇಲೆ ಗೆರೆ ಎಳೆದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಲು ಹೇಳಿ. ತೂರಾಡಿದರೆ ಮಿದುಳಿಗೆ ಬಾವು ಬರುತ್ತಿದೆ ಅಂತ ತಿಳಿಯಿರಿ. ಇವೆರಡರಲ್ಲಿ ಯಾವುದಾದರೂ ಆಗಲಿ, ರಾತ್ರಿಯಾದರೂ ಸರಿ, ಯಾರಾದರೂ ಜೊತೆಗಿದ್ದು ಕೆಳಗಿಳಿಸಬೇಕು. ಬೆಳಗಾಗಲಿ ಅಂತ ಕಾಯಬಾರದು.

ಕೊನೆಯದು ಹೆಂಗಸರಿಗೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಈಗಲೇ ಪರೀಕ್ಷೆ ಮಾಡಿಸಿ. ಎತ್ತರದಲ್ಲಿ ದೇಹ ಹೊಸ ಕೆಂಪು ರಕ್ತಕಣ ಮಾಡಲು ಕಬ್ಬಿಣ ಬೇಕು, ಕಡಿಮೆ ಇದ್ದರೆ ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಆಗಸ್ಟ್‌ನಲ್ಲಿ ನೆನಪಾದರೆ ಪ್ರಯೋಜನ ಇಲ್ಲ.

ಮಡಗಾಂವ್‌ನಿಂದ

ಡಾಕ್ಟರ್ ಸಾಹೇಬರು ಎಲ್ಲ ಹೇಳಿಬಿಟ್ಟರು. ಕರಾವಳಿಯವರಿಗೆ ಒಂದು ಮಾತು ಮಾತ್ರ. ಈ ಸೆಕೆಯಲ್ಲಿ ವಾಚ್ ನೋಡಿ ಹೆದರಬೇಡಿ. ಅದೇ ವೇಗದಲ್ಲಿ ನಡೆದರೂ ಬಿಸಿಲು, ತೇವ ಇದ್ದಾಗ ಎದೆಬಡಿತ ಜಾಸ್ತಿ ಇರುತ್ತದೆ, ಯಾಕೆಂದರೆ ಮೈ ತಣ್ಣಗಿಡಲು ಚರ್ಮಕ್ಕೂ ರಕ್ತ ಕಳಿಸಬೇಕು. ವೇಗ ಇಳಿಸಿ, ಬಡಿತ ಹಿಡಿತದಲ್ಲಿರಲಿ. ನಾನು ಬೆಟ್ಟಕ್ಕೆ ಹೋಗಲಾಗದ ದಿನ ಕೋಲ್ವಾದ ಒಣ ಮರಳಿನಲ್ಲಿ ಸ್ಯಾಕ್ ಹೊತ್ತು ನಡೆಯುತ್ತೇನೆ. ಹೆಜ್ಜೆ ಹೂತುಹೋಗುತ್ತದೆ, ಹಿಮದಲ್ಲಿ ನಡೆದ ಹಾಗೇ ಸಿಟ್ಟು ಬರುತ್ತದೆ. ಟೂರಿಸ್ಟ್‌ಗಳು ದಾರಿ ತಪ್ಪಿದ್ದೀರಾ ಅಂತ ಕೇಳುತ್ತಾರೆ.

ಡೊಂಬಿವಲಿಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಮಾಸ್ಕ್ ಕ್ಯಾನ್ಸಲ್. ಡಾಕ್ಟರ್ ಹೇಳಿದ ಹಾಗೆ ಕಾರ್ಯಕ್ರಮ ಬರೆದು ನೋಡಿದೆ, ಹೆಚ್ಚುವರಿ ದಿನವೇ ಇಲ್ಲ. ಕೇಳಿದ್ದಕ್ಕೆ ಒಂದು ದಿನ ಸೇರಿಸಬಹುದು, ದುಡ್ಡು ಬೇರೆ ಅಂದರು. ನಾನು ಎರಡು ದಿನ ಮೊದಲೇ ಮನಾಲಿಗೆ ಹೋಗಿ ಇದ್ದರೆ ಉಪಯೋಗ ಇದೆಯಾ? ಬೂಟು ಕೊಳ್ಳಬೇಕಾ, ಬಾಡಿಗೆ ಸಾಕಾ?

ಥಾಣೆಯಿಂದ

ಮನಾಲಿ 2,000 ಮೀಟರ್ ಚಿಲ್ಲರೆ ಅಷ್ಟೇ. ಪ್ರಯಾಣದ ಸುಸ್ತು ಹೋಗುತ್ತದೆ, ನಿದ್ದೆ ಆಗುತ್ತದೆ, ಆದರೆ ದೊಡ್ಡ ಹೊಂದಾಣಿಕೆ ಏನೂ ಬರುವುದಿಲ್ಲ. ದುಡ್ಡು ಕೊಟ್ಟು ಮೇಲಿನ ಕ್ಯಾಂಪಿನಲ್ಲೇ ಆ ದಿನ ಸೇರಿಸಿ. ಮತ್ತೆ ಹೊರಡುವ ಹತ್ತು ದಿನ ಮೊದಲು ಭಾರದ ಅಭ್ಯಾಸ ನಿಲ್ಲಿಸಿಬಿಡಿ. ಆ ಹತ್ತು ದಿನದಲ್ಲಿ ಹೊಸ ಶಕ್ತಿ ಏನೂ ಬರುವುದಿಲ್ಲ, ಹಳೇ ಸುಸ್ತು ಮಾತ್ರ ಹೋಗಬೇಕು.

ಬೂಟು ಬಾಡಿಗೆ ಸಾಕು, ಮನಾಲಿಯಲ್ಲಿ ಸಿಗುತ್ತದೆ. ಆದರೆ ಶಿಖರ ಹತ್ತುವಾಗ ಹಾಕುವ ದಪ್ಪ ಉಣ್ಣೆ ಸಾಕ್ಸನ್ನು ಜೊತೆಗೆ ಒಯ್ದು, ಅದನ್ನು ಹಾಕಿಕೊಂಡೇ ಅಳತೆ ನೋಡಿ. ಸಂಜೆ ಹೊತ್ತು ನೋಡಿದರೆ ಒಳ್ಳೆಯದು, ಕಾಲು ಸ್ವಲ್ಪ ಊದಿರುತ್ತದೆ. ಇಳಿಜಾರಿನಲ್ಲಿ ನಿಂತು ಮುಂದಕ್ಕೆ ಒತ್ತಿದಾಗ ಬೆರಳು ಬೂಟಿಗೆ ತಾಗಬಾರದು. ಕ್ರ್ಯಾಂಪನ್ ಅದೇ ಬೂಟಿಗೆ ಕೂರುತ್ತದಾ ಅಂತ ಅಂಗಡಿಯಲ್ಲೇ ಕಟ್ಟಿ ನೋಡಿ. ಹೊರಡುವ ಎರಡು ದಿನ ಮೊದಲು ಕಾಲುಗುರು ಕತ್ತರಿಸಿ.

ಕಲ್ಯಾಣದಿಂದ

ಮೇಡಂ, ಜೂನ್ ಮೊದಲ ಭಾನುವಾರ ನಾವು ಐದಾರು ಜನ ನೇರಳಕ್ಕೆ ಹೋಗುತ್ತಿದ್ದೇವೆ, ಬೆಳಗಿನ ಮೊದಲ ಕರ್ಜತ್ ಲೋಕಲ್. ಬರುವುದಾದರೆ ಹೇಳಿ. ಸ್ಯಾಕ್‌ನಲ್ಲಿ ನಾಲ್ಕು ಕೆಜಿ ಸಾಕು, ಮೊದಲ ದಿನವೇ ಹತ್ತು ಹೊತ್ತು ತರಬೇಡಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಕ್ಯಾನ್ಸಲ್, ಆ ದಿನ ಎಲ್ಲರೂ ಅವರವರ ಕಟ್ಟಡದ ಮೆಟ್ಟಿಲು.