ಇಬ್ಬರು ಸೇರಿ ಮನೆಯ ಸಣ್ಣ ಕೇಕ್‌ಗಳಿಗೆ ಅಲಂಕಾರ ಕಲಿಯುವುದು: ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ, ತುಮಕೂರಿನಿಂದ

ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಒಂದೇ ಬೀದಿಯಲ್ಲಿದ್ದೇವೆ. ಮನೆಯಲ್ಲಿ ಸ್ಪಂಜ್ ಕೇಕ್ ಮಾಡುವುದು ಇಬ್ಬರಿಗೂ ಬರುತ್ತದೆ, ಅದರ ಮೇಲಿನ ಅಲಂಕಾರ ಮಾತ್ರ ಬರುವುದಿಲ್ಲ. ಮುಂದಿನ ಮೂರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಒಟ್ಟಿಗೆ ಕುಳಿತು, ಅರ್ಧ ಕೆಜಿಯ ಕೇಕ್‌ಗಳ ಮೇಲೆ ಕಲಿಯಬೇಕೆಂದಿದ್ದೇವೆ. ಯಾವುದರಿಂದ ಆರಂಭಿಸಬೇಕು, ಏನನ್ನು ಕೊಳ್ಳಬೇಕು, ಇಬ್ಬರು ಸೇರಿ ಕಲಿಯುವುದಕ್ಕೆ ಒಂದು ಕ್ರಮವೆಂಬುದು ಇದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಶಿವಮೊಗ್ಗದಿಂದ

ನಾನು ಮತ್ತು ನನ್ನ ಗೆಳತಿ ನಾಲ್ಕು ವರ್ಷಗಳ ಹಿಂದೆ ನಿಮ್ಮಂತೆಯೇ ಆರಂಭಿಸಿದವರು. ನಾನು ಮೊದಲು ಹೇಳಬೇಕೆಂದಿರುವುದು ಇಷ್ಟು: ಇಬ್ಬರಿಗೂ ಸೇರಿ ಒಂದೇ ಕೇಕ್ ಇಟ್ಟುಕೊಳ್ಳಿ. ನಾವು ಮೊದಲ ತಿಂಗಳು ಆಳಿಗೊಂದು ಕೇಕ್ ಇಟ್ಟುಕೊಂಡು, ಎದುರುಬದುರು ಕುಳಿತು, ತಲೆಯೆತ್ತದೆ ಕೆಲಸ ಮಾಡಿದೆವು. ಇಬ್ಬರ ತಪ್ಪುಗಳೂ ಇದ್ದಲ್ಲಿಯೇ ಉಳಿದವು. ಕ್ರೀಮ್ ತುಂಬಿದ ಚೀಲವನ್ನು ಒತ್ತುವವರ ಕಣ್ಣು ನಾಜಲ್‌ನ (ಚೀಲದ ತುದಿಗೆ ಸಿಕ್ಕಿಸುವ ಸಣ್ಣ ಕೊಳವೆ) ತುದಿಯಲ್ಲಿಯೇ ನೆಟ್ಟಿರುವುದರಿಂದ ತಮ್ಮ ಮೊಣಕೈ ಎಲ್ಲಿದೆ, ಚೀಲ ಎಷ್ಟು ವಾಲಿದೆ, ಮುಷ್ಟಿ ಯಾವ ಗಳಿಗೆಯಲ್ಲಿ ಸಡಿಲವಾಯಿತು ಎಂಬುದು ಅವರಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಅದೆಲ್ಲವೂ ಕಾಣುತ್ತದೆ. ಹಾಗಾಗಿ ಒಬ್ಬರು ಒತ್ತುವಾಗ ಇನ್ನೊಬ್ಬರು ಕೇಕನ್ನು ನೋಡದೆ ಒತ್ತುವವರ ಕೈಯನ್ನು ನೋಡಬೇಕು.

ಕೇಕ್‌ನ ಬುಡದ ಸುತ್ತ ಸಾಲು ಶಂಖದಂತೆ ಕಾಣುವ ಅಂಚನ್ನು ನೀವು ನೋಡಿರುತ್ತೀರಿ. ನಾನು ಹಾಕಿದ ಶಂಖಗಳಿಗೆಲ್ಲ ದಪ್ಪನೆಯ ಉದ್ದ ಬಾಲ ಬರುತ್ತಿತ್ತು; ನಾಜಲ್ ಬದಲಿಸಿದರೂ, ಕ್ರೀಮ್ ಗಟ್ಟಿ ಮಾಡಿದರೂ ಅದು ಹೋಗಲಿಲ್ಲ. ಒಂದು ದಿನ ಗೆಳತಿ ನನ್ನ ಮುಷ್ಟಿಯನ್ನೇ ನೋಡುತ್ತಾ ಕುಳಿತಿದ್ದು, ‘ನೀನು ಎಳೆಯುವಾಗಲೂ ಒತ್ತುತ್ತಲೇ ಇದ್ದೀಯಲ್ಲೇ’ ಎಂದಳು. ಅಂದಿನಿಂದ ನಾನು ಒತ್ತಲು ಕುಳಿತರೆ ಅವಳು ಪಕ್ಕದಲ್ಲಿ ‘ಒತ್ತು, ಬಿಡು, ಎಳಿ’ ಎಂದು ಹೇಳುತ್ತಾ ಹೋಗುತ್ತಿದ್ದಳು. ಚೀಲವನ್ನು ಸುಮಾರು 45 ಡಿಗ್ರಿ ವಾಲಿಸಿ, ಕ್ರೀಮ್ ಉಬ್ಬಿ ನಿಲ್ಲುವವರೆಗೆ ಒತ್ತಿ, ಕೈಯನ್ನು ಸಡಿಲ ಬಿಟ್ಟು, ಆಮೇಲೆ ತನ್ನತ್ತ ಕೆಳಕ್ಕೆ ಎಳೆದರೆ ಬಾಲ ಸಣ್ಣದಾಗಿ ಮೊನಚಾಗಿ ಮುಗಿಯುತ್ತದೆ, ಮತ್ತು ಮುಂದಿನ ಶಂಖದ ಉಬ್ಬು ಆ ಬಾಲದ ಮೇಲೆ ಕುಳಿತು ಅದನ್ನು ಮುಚ್ಚುತ್ತದೆ. ಮೂರನೆಯ ಭಾನುವಾರದ ಹೊತ್ತಿಗೆ ಅವಳು ಹೇಳುವ ಅಗತ್ಯವೇ ಇರಲಿಲ್ಲ.

ಮೊದಲ ಎರಡು ಭಾನುವಾರ ಕೇಕ್ ಮಾಡಲೇಬೇಡಿ. 200 ಗ್ರಾಂ ಡಾಲ್ಡಾಕ್ಕೆ ಅಷ್ಟೇ ತೂಕದ ಜರಡಿ ಹಿಡಿದ ಐಸಿಂಗ್ ಸಕ್ಕರೆ ಸೇರಿಸಿ ಬೀಟರ್‌ನಿಂದ ಚೆನ್ನಾಗಿ ಬೀಸಿಕೊಂಡರೆ ಅಭ್ಯಾಸಕ್ಕೆ ತಕ್ಕ ಕ್ರೀಮ್ ಸಿಗುತ್ತದೆ. ಅದು ತಿನ್ನುವುದಕ್ಕಲ್ಲ. ಊಟದ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ಸಾಲಾಗಿ ಒತ್ತಿ, ಚಾಕುವಿನಿಂದ ಹೆರೆದು ಮತ್ತೆ ಚೀಲಕ್ಕೆ ತುಂಬಿಕೊಳ್ಳಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಅದೇ ಮುದ್ದೆ ವಾರಗಟ್ಟಲೆ ಬರುತ್ತದೆ. ಒಂದು ಕೇಕ್‌ನ ಖರ್ಚಿಲ್ಲದೆ ನೂರಾರು ಶಂಖ, ನೂರಾರು ಗುಲಾಬಿ ಸುರುಳಿ ಹಾಕುವಷ್ಟು ಅಭ್ಯಾಸ ಇದರಿಂದ ಸಾಧ್ಯ.

ನಿಮ್ಮಲ್ಲಿ ಯಾರಿಗಾದರೂ ಮೆಹೆಂದಿ ಕೋನ್ ಹಿಡಿದು ಅಭ್ಯಾಸವಿದ್ದರೆ ಗೆರೆ ಎಳೆಯುವುದು, ಅಕ್ಷರ ಬರೆಯುವುದು ಬೇಗ ಬರುತ್ತದೆ, ಏಕೆಂದರೆ ಎರಡರಲ್ಲೂ ತುದಿಯನ್ನು ತಾಗಿಸಿ ಉಜ್ಜದೆ, ಕೂದಲೆಳೆಯಷ್ಟು ಮೇಲೆ ಹಿಡಿದು, ಎಳೆ ತಾನಾಗಿ ಬೀಳುವಂತೆ ಮಾಡಬೇಕು. ಆದರೆ ಮೆಹೆಂದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತುತ್ತೇವೆ. ಕ್ರೀಮ್ ಚೀಲದ ಬಾಯಿಯನ್ನು ತಿರುಚಿ ಹೆಬ್ಬೆರಳಿನ ಸಂದಿಯಲ್ಲಿ ಬಿಗಿಹಿಡಿದು, ಇಡೀ ಅಂಗೈಯಿಂದ ಮೇಲಿನಿಂದ ಒತ್ತಬೇಕು. ನಡುವಿನಲ್ಲಿ ಒತ್ತಿದರೆ ಅರ್ಧ ಕ್ರೀಮ್ ಹಿಂದಿನಿಂದ ಹೊರಬರುತ್ತದೆ. ಎಡಗೈಯ ತೋರುಬೆರಳು ದಾರಿ ತೋರಿಸಲು ಮಾತ್ರ.

ಮೂರನೆಯ ವಾರಕ್ಕೆ ನಾನು ಹೇಳುವುದು ಕ್ರೀಮ್ ಕೇಕ್ ಅಲ್ಲ, ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕ್. ಸ್ಪಂಜಿಗೆ ಜೇನು ಬೆರೆಸಿದ ಸಕ್ಕರೆ ಪಾಕ ಕುಡಿಸಿ, ಬಿಸಿ ಮಾಡಿ ಸಡಿಲಗೊಳಿಸಿದ ಜಾಮನ್ನು ಮೇಲೆ ಸವರಿ, ಒಣ ಕೊಬ್ಬರಿ ಪುಡಿ ಉದುರಿಸುವ ಈ ಕೇಕ್‌ನಲ್ಲಿ, ಮೇಲ್ಮೈಯನ್ನು ಸಮನಾಗಿ ಸವರುವ ಕೈ ತಯಾರಾಗುತ್ತದೆ. ಹೊಸದೊಂದು ರಂಗೋಲಿ ಅಚ್ಚನ್ನು ಚೆನ್ನಾಗಿ ತೊಳೆದು ಒರೆಸಿ, ಒಬ್ಬರು ಅದನ್ನು ಜಾಮ್‌ಗೆ ತಾಗದಂತೆ ಎರಡು ಕೈಯಲ್ಲಿ ಹಿಡಿದಾಗ ಇನ್ನೊಬ್ಬರು ಕೊಬ್ಬರಿ ಪುಡಿ ಉದುರಿಸಿದರೆ ಕೆಂಪು ಜಾಮ್ ಮೇಲೆ ಬಿಳಿಯ ಹೂವು ಎದ್ದು ನಿಲ್ಲುತ್ತದೆ. ಕೊಬ್ಬರಿಯ ಬದಲು ಐಸಿಂಗ್ ಸಕ್ಕರೆ ಹಾಕಬೇಡಿ. ಜಾಮ್‌ನ ತೇವಕ್ಕೆ ಅದು ಕರಗಿಹೋಗುತ್ತದೆ.

ಉತ್ತರ, ಕಲಬುರಗಿಯಿಂದ

ಶಿವಮೊಗ್ಗದ ಅಕ್ಕನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾನು ಸೇರಿಸಬೇಕಾದದ್ದು ಬಿಸಿಲಿನ ವಿಚಾರ. ದಯವಿಟ್ಟು ‘ಮಧ್ಯಾಹ್ನ’ ಎಂಬುದನ್ನು ಬದಲಿಸಿ. ತುಮಕೂರು ನಮ್ಮೂರಿನಷ್ಟು ಕಾಯುವುದಿಲ್ಲ, ನಿಜ. ಆದರೂ ಮಾರ್ಚ್ ದಾಟಿದ ಮೇಲೆ ಕ್ರೀಮ್ ಕೆಲಸಕ್ಕೆ ಬೆಳಗಿನ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತೇ ಸರಿ. ಬೆಣ್ಣೆ 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ನೀರಾಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಹೀಗಾಗಿ ತಂಪು ದೇಶದವರ ಬೆಣ್ಣೆ ಕ್ರೀಮ್‌ನ ಅಳತೆಗಳನ್ನು ನಮ್ಮ ಬೇಸಿಗೆಯಲ್ಲಿ ಅನುಸರಿಸಿದರೆ ಹೂವಿನ ಎಸಳುಗಳು ಕಣ್ಣೆದುರೇ ಬಾಗಿ ಬೀಳುತ್ತವೆ.

ಕಲಿಯುವವರಿಗೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಫ್ರೀಜರ್‌ನಲ್ಲಿಟ್ಟು ಮಾರುವ ಸಸ್ಯಕೊಬ್ಬಿನ ವಿಪ್ಪಿಂಗ್ ಕ್ರೀಮ್ ಸುಲಭ. ಹಿಂದಿನ ರಾತ್ರಿಯೇ ಅದನ್ನು ಫ್ರಿಜ್‌ನ ಕೆಳಗಿನ ಅಂಕಣಕ್ಕೆ ಇಳಿಸಿ, ಬೆಳಿಗ್ಗೆ ಪೂರ್ತಿ ಕರಗಿದರೂ ತಣ್ಣಗೆ ಕೊರೆಯುತ್ತಿರುವಾಗ ಬೀಸಬೇಕು. ಬಟ್ಟಲನ್ನೂ ಬೀಟರ್‌ನ ಕಡ್ಡಿಗಳನ್ನೂ 15 ನಿಮಿಷ ಫ್ರೀಜರ್‌ನಲ್ಲಿಟ್ಟಿರಿ. ಅರ್ಧ ಕೆಜಿ ಕೇಕ್‌ಗೆ ಸುಮಾರು 250 ಎಂ.ಎಲ್. ಸಾಕು, ಏಕೆಂದರೆ ಅದು ಬೀಸಿದಾಗ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತು ಕೊನೆಯಲ್ಲಿ ಕೊಕ್ಕಿನಂತೆ ಚೂರು ಬಾಗಿದರೆ ಸವರುವುದಕ್ಕೆ ಹದ. ಬಾಗದೆ ನಿಂತರೆ ಹೂವಿಗೆ ಹದ. ಅದನ್ನೂ ದಾಟಿ ಬೀಸಿದರೆ ಕ್ರೀಮ್ ರವೆರವೆಯಾಗಿ, ಒತ್ತಿದಾಗ ಅಂಚುಗಳು ಹರಿದಂತೆ ಕಾಣುತ್ತವೆ. ಹಾಗಾದಾಗ ಎಸೆಯಬೇಡಿ: ಬೀಸದ ತಣ್ಣನೆಯ ಕ್ರೀಮನ್ನು ಎರಡು ಚಮಚ ಹಾಕಿ ಸೌಟಿನಿಂದ ಮೆಲ್ಲಗೆ ಮಗುಚಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಪೊಟ್ಟಣದ ಮೇಲೆ ಕೊಬ್ಬಿನ ಅಂಶ ಎಷ್ಟೆಂದು ಓದದೆ ಕೊಳ್ಳಬೇಡಿ. ನಾವು ಮೊದಲ ಸಲ ಕಿರಾಣಿ ಅಂಗಡಿಯಿಂದ 25 ಪ್ರತಿಶತ ಕೊಬ್ಬಿನ ಫ್ರೆಶ್ ಕ್ರೀಮ್ ತಂದು, ಇಬ್ಬರೂ ಸರದಿಯ ಮೇಲೆ ಅರ್ಧ ಗಂಟೆ ಬೀಸಿದೆವು, ಅದು ನಿಲ್ಲಲಿಲ್ಲ. ಹಾಲಿನ ಕ್ರೀಮ್ ಬೀಸಿದಾಗ ನಿಲ್ಲಬೇಕಾದರೆ ಕನಿಷ್ಠ 30 ಪ್ರತಿಶತ ಕೊಬ್ಬಿರಬೇಕು. ಅದೇ 25ರ ಕ್ರೀಮ್ ಗನಾಶ್‌ಗೆ, ಅಂದರೆ ಚಾಕೊಲೇಟನ್ನು ಬಿಸಿ ಕ್ರೀಮ್‌ನಲ್ಲಿ ಕರಗಿಸಿದ ಲೇಪಕ್ಕೆ, ಬಹಳ ಚೆನ್ನಾಗಿ ಒದಗುತ್ತದೆ. 100 ಗ್ರಾಂ ಡಾರ್ಕ್ ಚಾಕೊಲೇಟಿಗೆ 100 ಗ್ರಾಂ ಬಿಸಿ ಕ್ರೀಮ್ ಹಾಕಿದರೆ ಸುರಿಯುವ ಹದ, 50 ಗ್ರಾಂ ಹಾಕಿದರೆ ಆರಿದ ಮೇಲೆ ಸವರುವ ಹದ. ಕೇಕ್‌ನ ಬದಿಯಲ್ಲಿ ಹನಿಹನಿಯಾಗಿ ಇಳಿಬಿಡುವ ಮೊದಲು, ಫ್ರಿಜ್‌ನಲ್ಲಿಟ್ಟ ಸ್ಟೀಲ್ ಲೋಟವನ್ನು ಬೋರಲು ಹಾಕಿ ಅದರ ಅಂಚಿನಲ್ಲಿ ಒಂದು ಹನಿ ಬಿಟ್ಟು ನೋಡಿ. ಹನಿ ಲೋಟದ ಅರ್ಧಕ್ಕೆ ಬಂದು ನಿಂತರೆ ಸರಿ. ನೆಲಕ್ಕೆ ಇಳಿದರೆ ಇನ್ನೂ ಐದು ನಿಮಿಷ ಕಾಯಬೇಕು.

ಇನ್ನು, ಇಬ್ಬರಿರುವುದರ ದೊಡ್ಡ ಅನುಕೂಲ ನನಗೆ ಕಂಡದ್ದು ಇದು. ಕೈಯ ಕಾವಿಗೆ ಚೀಲದೊಳಗಿನ ಕ್ರೀಮ್ ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ. ಎರಡು ಚೀಲಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಸಿ, ಒಂದು ಕೈಯಲ್ಲಿರುವಾಗ ಇನ್ನೊಂದನ್ನು ಫ್ರಿಜ್‌ನಲ್ಲಿಟ್ಟು, ಗೆಳತಿ ಬದಲಿಸಿ ಕೊಡುತ್ತಾ ಹೋದರೆ ಮೊದಲ ಗುಲಾಬಿಗೂ ಕೊನೆಯ ಗುಲಾಬಿಗೂ ವ್ಯತ್ಯಾಸ ಬರುವುದಿಲ್ಲ. ಒಬ್ಬಳೇ ಮಾಡುವಾಗ ಇದು ನನಗೆ ಇಂದಿಗೂ ಕಷ್ಟವೇ.

ಉತ್ತರ, ಮಂಗಳೂರಿನಿಂದ

ಎರಡೇ ಮಾತು. ಕೇಕ್ ಬೆಂದ ದಿನವೇ ಅಲಂಕಾರ ಬೇಡ. ಪೂರ್ತಿ ಆರಿದ ಮೇಲೆ ಸುತ್ತಿ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಅಡ್ಡಲಾಗಿ ಸೀಳುವಾಗ ಪುಡಿ ಏಳುವುದಿಲ್ಲ. ಆಮೇಲೆ ಕ್ರೀಮ್‌ನ ತೆಳುವಾದ ಮೊದಲ ಲೇಪ ಕೊಟ್ಟು, ಅದರೊಳಗೆ ಪುಡಿಗಳು ಸಿಕ್ಕಿಬಿದ್ದ ಮೇಲೆ ಅರ್ಧ ಗಂಟೆ ಮತ್ತೆ ತಣ್ಣಗಿಟ್ಟು, ಎರಡನೆಯ ಲೇಪ ಕೊಡಿ. ಹೆಚ್ಚಿನ ಹೊಸಬರು ಬಿಟ್ಟುಬಿಡುವುದು ಈ ಮೊದಲ ಲೇಪವನ್ನೇ. ಬಿಳಿಯ ಕೇಕ್ ಮೇಲೆ ಕಂದು ಚುಕ್ಕೆಗಳು ಬರುವುದು ಅದರಿಂದಲೇ.

ಎರಡನೆಯದು ತೇವ. ನಮ್ಮ ಕರಾವಳಿಯ ಗಾಳಿಗೆ ಫ್ರಿಜ್‌ನಿಂದ ತೆಗೆದ ಕೇಕ್ ಬೆವರುತ್ತದೆ, ಬರೆದ ಬಣ್ಣದ ಅಕ್ಷರ ಹರಡುತ್ತದೆ, ಸಕ್ಕರೆ ಹಿಟ್ಟಿನ ಹೂಗಳು ಅಂಟಂಟಾಗುತ್ತವೆ. ತುಮಕೂರಿನಲ್ಲಿ ಇದು ಮಳೆಗಾಲದಲ್ಲಿ ಎದುರಾಗಬಹುದು. ಹೆಸರು ಬರೆಯುವುದನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳಿ. ಕೇಕನ್ನು ಡಬ್ಬದೊಳಗೇ ಇಟ್ಟು, ಕತ್ತರಿಸುವ ಸ್ವಲ್ಪ ಮೊದಲು ಹೊರತೆಗೆಯಿರಿ.

ಉತ್ತರ, ಬೆಂಗಳೂರಿನಿಂದ

ನಾನು ಕಚೇರಿಯ ಸಹೋದ್ಯೋಗಿ ಮಿತ್ರನೊಬ್ಬನೊಂದಿಗೆ ಎರಡು ವರ್ಷಗಳಿಂದ ಕಲಿಯುತ್ತಿದ್ದೇನೆ. ಸಾಮಾನಿನ ಬಗ್ಗೆ ಹೇಳುವುದಾದರೆ, ನೂರು ತುಂಡುಗಳ ಪೆಟ್ಟಿಗೆ ಬೇಡ. ತಿರುಗುವ ಮಣೆ ಒಂದು, ಬಾಗಿದ ಉದ್ದ ಚಾಕು ಒಂದು, ನೇರ ಅಂಚಿನ ಹೆರೆಯುವ ಪಟ್ಟಿ ಒಂದು, ಮತ್ತೆ ಮೂರು ನಾಜಲ್: ಗುಲಾಬಿ ಸುರುಳಿಗೂ ಶಂಖಕ್ಕೂ ಆಗುವ ದೊಡ್ಡ ನಕ್ಷತ್ರದ್ದು, ಬರೆಯಲು ಸಣ್ಣ ಗುಂಡನೆಯದು, ಎಲೆಯದು. ಹಣ ಕೂಡಿಸಿ ಒಂದೇ ಜೊತೆ ಕೊಂಡು, ಎರಡು ಮನೆಗೂ ಬಳಸಿ. ಸವರುವಾಗ ಚಾಕು ನಿಂತಿರಬೇಕು, ಮಣೆ ತಿರುಗಬೇಕು. ನಾವಿಬ್ಬರೂ ತಿಂಗಳುಗಟ್ಟಲೆ ಇದನ್ನು ತಲೆಕೆಳಗಾಗಿ ಮಾಡಿದ್ದರಿಂದ ನಮ್ಮ ಕೇಕ್‌ಗಳ ಬದಿ ಅಲೆಅಲೆಯಾಗಿರುತ್ತಿತ್ತು.

ಬಣ್ಣದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ ಎಂದು ಕೈಮುಗಿದು ಕೇಳುತ್ತೇನೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು; ಅದಕ್ಕೆ ಕಾರಣ ಕೃತಕ ಬಣ್ಣಗಳು, ಮತ್ತು ಇಲಾಖೆ ಮುಖ್ಯವಾಗಿ ಹೆಸರಿಸಿದ್ದು ರೆಡ್ ವೆಲ್ವೆಟ್ ಹಾಗೂ ಬ್ಲ್ಯಾಕ್ ಫಾರೆಸ್ಟ್ ಕೇಕ್‌ಗಳನ್ನು. ಮನೆಯಲ್ಲಿ ಮಾಡುವ ನಮಗೆ ಗಾಢ ಕೆಂಪಿನ ಹಂಗೇ ಬೇಕಿಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇರುವ ಜೆಲ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಬೆರೆಸಿ, ಒಂದು ಗಂಟೆ ಬಿಟ್ಟು ನೋಡಿ. ಹೊತ್ತು ಹೋದಂತೆ ಬಣ್ಣ ತಾನಾಗಿ ಕಡುವಾಗುತ್ತದೆ. ಅದು ಗೊತ್ತಿಲ್ಲದೆ ಮತ್ತೆ ಮತ್ತೆ ಬೆರೆಸುವುದರಿಂದಲೇ ಕ್ರೀಮ್ ಕಹಿಯಾಗುವುದು.

ನಿಜವಾದ ಹೂ ಇಡುವ ಆಸೆಯಾದರೆ ಮನೆಯಂಗಳದ, ಔಷಧಿ ಹೊಡೆಯದ ಗುಲಾಬಿಯ ಎಸಳು ಸಾಕು. ಹೂವಿನ ಅಂಗಡಿಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ. ಕಣಗಿಲೆಯನ್ನಂತೂ ಹತ್ತಿರ ತರಲೇಬೇಡಿ. ದೇವರಿಗೆ ಏರಿಸುವ ಹೂವಾದರೂ ಅದರ ಎಲೆ, ಹೂವು, ಹಾಲು ಎಲ್ಲವೂ ವಿಷ.

ಡಿಸೆಂಬರ್‌ನಲ್ಲಿ ಬಿಡುವಾದರೆ ಇಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಬನ್ನಿ. 1970ರ ದಶಕದಿಂದ ಇಲ್ಲಿ ವರ್ಷ ವರ್ಷವೂ ಕೇಕ್ ಪ್ರದರ್ಶನ ನಡೆದುಕೊಂಡು ಬಂದಿದೆ. ಅಲ್ಲಿಯ ಕಟ್ಟಡಗಳಂಥ ಸಕ್ಕರೆ ಕೆಲಸ ನಮ್ಮ ಅಳತೆಯದಲ್ಲ, ಆದರೆ ಹತ್ತಿರ ನಿಂತು ಎರಡು ಎಳೆಗಳು ಎಲ್ಲಿ ಕೂಡುತ್ತವೆ, ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡಿದರೆ ನಮ್ಮ ಸಣ್ಣ ಕೇಕ್‌ಗೂ ಬೇಕಾದದ್ದು ಸಿಗುತ್ತದೆ.

ಮರುಪ್ರಶ್ನೆ, ತುಮಕೂರಿನಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಾಲ್ಡಾ, ಐಸಿಂಗ್ ಸಕ್ಕರೆ ತಂದಾಗಿದೆ, ಸಮಯವನ್ನು ಬೆಳಿಗ್ಗೆ ಏಳಕ್ಕೆ ಬದಲಿಸಿದ್ದೇವೆ. ಕೇಳಲು ಸಂಕೋಚವಾಗುವ ಮಾತೊಂದಿದೆ: ಗೆಳತಿಯ ಕೈ ನನ್ನ ಕೈಗಿಂತ ಚುರುಕು. ಒಂದೇ ಕೇಕ್ ಆದರೆ ಚೆನ್ನಾಗಿ ಬರುವವರೇ ಮಾಡುತ್ತಾ ಹೋಗಿ, ಇನ್ನೊಬ್ಬರು ಪಾತ್ರೆ ತೊಳೆಯುವಂತಾಗುವುದಿಲ್ಲವೇ?

ಉತ್ತರ, ಶಿವಮೊಗ್ಗದಿಂದ

ಆಗುತ್ತದೆ, ನಮ್ಮಲ್ಲಿಯೂ ಆಗಿತ್ತು, ಮತ್ತು ಎರಡು ಭಾನುವಾರ ನಾನು ನೆಪ ಹೇಳಿ ಹೋಗಲೇ ಇಲ್ಲ. ಆಮೇಲೆ ಇಬ್ಬರೂ ಕುಳಿತು ಮಾತನಾಡಿ ಒಂದು ಏರ್ಪಾಡು ಮಾಡಿಕೊಂಡೆವು. ಕೇಕ್‌ನ ಮೇಲ್ಭಾಗಕ್ಕೆ ಹಲ್ಲುಕಡ್ಡಿಯಿಂದ ನಡುವೆ ಒಂದು ಗೆರೆ ಎಳೆದು, ಅರ್ಧ ಅವಳದು, ಅರ್ಧ ನನ್ನದು. ಒಂದೇ ಕ್ರೀಮ್, ಒಂದೇ ನಾಜಲ್, ಒಂದೇ ವಿನ್ಯಾಸ. ಯಾರಿಗೆ ಕಷ್ಟವೋ ಅವರದೇ ಮೊದಲ ಸರದಿ, ಏಕೆಂದರೆ ಚೆಂದದ ಅರ್ಧವನ್ನು ನೋಡಿದ ಮೇಲೆ ಕೈ ಅಳುಕುತ್ತದೆ. ಒತ್ತುವವರ ಕೈಯಿಂದ ಚೀಲ ಕಿತ್ತುಕೊಂಡು ‘ಹೀಗೆ ಮಾಡು’ ಎಂದು ತೋರಿಸುವುದು ಬೇಡ, ಬಾಯಲ್ಲಿ ಮಾತ್ರ ಹೇಳಬೇಕು ಎಂಬುದನ್ನೂ ಇಬ್ಬರೂ ಪಾಲಿಸಿದೆವು. ಪಾತ್ರೆ ಯಾವಾಗಲೂ ಇಬ್ಬರೂ ಸೇರಿಯೇ.

ಮುಗಿದ ಮೇಲೆ ಪ್ರತಿ ಸಲ ಮೇಲಿನಿಂದ ಒಂದು ಫೋಟೊ ತೆಗೆದಿಡಿ. ನಮ್ಮ ಹನ್ನೊಂದನೆಯ ಕೇಕ್‌ನ ಫೋಟೊದಲ್ಲಿ ನಡುವಿನ ಗೆರೆ ಎಲ್ಲಿತ್ತೆಂದು ನಮ್ಮ ಮನೆಯವರು ಕೇಳಿದರು. ನಾವಿಬ್ಬರೂ ಬೇರೆ ಬೇರೆ ಕಡೆ ಬೆರಳಿಟ್ಟೆವು.