ಕಪ್ಪು ನಾಯಿಯ ಮುಖ ಫೋಟೊದಲ್ಲಿ ಚೆನ್ನಾಗಿ ಕಾಣಬೇಕಾದರೆ ಹೇಗೆ ತೆಗೆಯಬೇಕು?

ಕ್ಯಾತಸಂದ್ರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮನೆಯವರೆಲ್ಲ ಕೈದಾಳಕ್ಕೆ ಹೋಗಿದ್ದೆವು. ಅಪ್ಪ, ಅಮ್ಮ, ಅಜ್ಜಿ, ನನ್ನ ಜೊತೆ ಕೆಲಸ ಮಾಡುವ ಇಬ್ಬರು ಗೆಳತಿಯರು, ಮತ್ತೆ ನಮ್ಮ ಕರಿಯ. ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬೆಳಗ್ಗೆಯೇ ಹೊರಟೆವು. ಚೆನ್ನಕೇಶವನ ಗುಡಿ ಒಳಗೆ ನಾಯಿ ಕರೆದುಕೊಂಡು ಹೋಗುವ ಹಾಗಿಲ್ಲ ಅಲ್ವಾ, ಹಾಗಾಗಿ ಸರದಿ ಮೇಲೆ ಒಬ್ಬೊಬ್ಬರು ಹೊರಗೆ ಕರಿಯನ ಜೊತೆ ಕೂತೆವು. ಅಜ್ಜಿ ಒಳಗೆ ಕೈಮುಗಿದು ಬಂದು, ಜಕಣಾಚಾರಿ ಕಥೆಯನ್ನು ನನ್ನ ಗೆಳತಿಯರಿಗೆ ಮೊದಲಿಂದ ಕೊನೆವರೆಗೂ ಹೇಳಿದರು. ಬಿಸಿಲು ಏರಿದ ಮೇಲೆ ಗೂಳೂರು ಕೆರೆ ಹತ್ತಿರ ಊಟಕ್ಕೆ ಕೂತೆವು.

ನಾನು ಒಟ್ಟು 143 ಫೋಟೊ ತೆಗೆದೆ. ಎಲ್ಲರೂ ಚೆನ್ನಾಗಿಯೇ ಬಂದಿದ್ದಾರೆ, ಕರಿಯನ ಹೊರತು. ಅವನು ಮೂಗಿಂದ ಬಾಲದ ತುದಿವರೆಗೂ ಕಪ್ಪು. ಎದೆ ಮೇಲೆ ಮಾತ್ರ ಕಾಸಿನಗಲ ಬಿಳಿ. ಫೋಟೊದಲ್ಲಿ ಒಂದು ಕಪ್ಪು ಮುದ್ದೆ, ಅದರ ನಡುವೆ ಕೆಂಪು ನಾಲಿಗೆ, ಅಷ್ಟೇ. ಕಣ್ಣು ಎಲ್ಲಿದೆ ಅಂತ ಹುಡುಕಬೇಕು.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳ್ತೀನಿ. ಕರಿಯನನ್ನು ಮನೆಗೆ ತಂದವನು ನನ್ನ ಅಣ್ಣ. ಹತ್ತು ವರ್ಷದ ಹಿಂದೆ ಒಂದು ಮಳೆ ಸಂಜೆ, ಅಂಗೈಯಷ್ಟಿದ್ದ ಮರಿಯನ್ನು ಕಾಲೇಜು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ. ಅಣ್ಣ ಈಗ ಮಸ್ಕತ್‌ನಲ್ಲಿದ್ದಾನೆ, ಊರಿಗೆ ಬಂದು ಮೂರು ವರ್ಷವಾಯಿತು. ಫೋನ್ ಮಾಡಿದರೆ ಮೊದಲ ಮಾತೇ "ಕರಿಯ ಏನ್ ಮಾಡ್ತಿದ್ದಾನೆ?" ಈ ಮೂರು ವರ್ಷದಲ್ಲಿ ಕರಿಯನ ಮೂತಿ ಸುತ್ತ ನರೆ ಬಂದಿದೆ. ಅದನ್ನು ಅಣ್ಣ ನೋಡಿಯೇ ಇಲ್ಲ. ನಾನು ಕಳಿಸುವ ಯಾವ ಫೋಟೊದಲ್ಲೂ ಅದು ಕಾಣುವುದಿಲ್ಲ.

ನನ್ನದು ಸಾಧಾರಣ ಫೋನು. ಹೊಸ ಕ್ಯಾಮೆರಾ ಕೊಳ್ಳುವ ಸ್ಥಿತಿಯಲ್ಲಿಲ್ಲ. ಇರುವುದರಲ್ಲೇ ಏನು ಮಾಡಬಹುದು? ಹಾಗೇ, ನಾಯಿ ಕರೆದುಕೊಂಡು ಹೋಗಲು ನಮ್ಮ ಕಡೆ ಬೇರೆ ಒಳ್ಳೆ ಜಾಗ ಇದ್ದರೂ ತಿಳಿಸಿ.

ಕೋಲಾರದ ಸ್ಟುಡಿಯೊ:

ನೋಡಮ್ಮ, ತಪ್ಪು ನಿನ್ನದೂ ಅಲ್ಲ, ಫೋನಿನದೂ ಅಲ್ಲ. ನಾನು ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು. ರೀಲಿನ ಕಾಲದಲ್ಲಿ ಅಯ್ಯಪ್ಪನ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಬಂದು ನಿಲ್ಲುತ್ತಿದ್ದರು. ಅವತ್ತಿನ ಪಾಡೂ ಇದೇ.

ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಸರಾಸರಿ ಮಾಡಿ ಲೆಕ್ಕ ಹಾಕುತ್ತದೆ. ನೀನು ಕೆರೆ ಹತ್ತಿರ ಕೂತು, ಹಿಂದೆ ಹೊಳೆಯುವ ನೀರು, ಮೇಲೆ ಬಿಳಿ ಆಕಾಶ ಇಟ್ಟುಕೊಂಡು ತೆಗೆದಿರುತ್ತೀಯ. ಬೆಳಕು ಜಾಸ್ತಿ ಆಯಿತು ಅಂತ ಅದು ತಗ್ಗಿಸಿಬಿಡುತ್ತದೆ. ಆಗ ಕಪ್ಪು ನಾಯಿ ಇನ್ನೂ ಕಪ್ಪಾಗುತ್ತದೆ.

ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸು. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಮೇಲೆ ನಾಯಿಯನ್ನು ಮರದ ನೆರಳಿನ ಅಂಚಿನಲ್ಲಿ ಕೂರಿಸು, ಮುಖ ಬಯಲಿನ ಕಡೆಗಿರಲಿ. ಬೆಳಕು ನಿನ್ನ ಬೆನ್ನ ಹಿಂದಿನಿಂದ ಬಂದು ಅದರ ಕಣ್ಣಿಗೆ ಬೀಳಬೇಕು. ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯಿತು ಅಂದರೆ ಫೋಟೊಗೆ ಜೀವ ಬಂತು ಅಂತಲೇ ಲೆಕ್ಕ. ಹಿಂದೆ ಆಕಾಶ ಬೇಡ. ಕೆಮ್ಮಣ್ಣು, ಹೊಲ, ಗಿಡ, ಯಾವುದಾದರೂ ಸರಿ.

ಪರದೆಯಲ್ಲಿ ಕಾಣುವ ಅದರ ಮುಖದ ಮೇಲೆ ಬೆರಳಿಡು. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ, ಅದನ್ನು ಸ್ವಲ್ಪ ಮೇಲಕ್ಕೆ ಎಳೆ. ಹಿಂದಿನದು ಬೆಳ್ಳಗಾದರೆ ಆಗಲಿ ಬಿಡು, ನಮಗೆ ಬೇಕಾದ್ದು ಮುಖ.

ಇನ್ನೊಂದು ಮಾತು. ನಿಂತುಕೊಂಡು ತೆಗೆಯಬೇಡ. ನೆಲಕ್ಕೆ ಕೂತು, ಅದರ ಕಣ್ಣಿನ ಮಟ್ಟಕ್ಕೆ ಫೋನ್ ತಾ. ಅಜ್ಜಿಯನ್ನೂ ಹಾಗೇ. "ಇಲ್ಲಿ ನೋಡಿ" ಅಂದರೆ ವಯಸ್ಸಾದವರು ಸೆಟೆದು ಕೂರುತ್ತಾರೆ. ಎಲೆ ಅಡಿಕೆ ಹಾಕುವಾಗ, ತುತ್ತು ಕೊಡುವಾಗ ಸುಮ್ನೆ ತೆಗೆ.

ಗುಡಿಬಂಡೆ ಅಕ್ಕ:

ಸ್ಟುಡಿಯೊ ಸರ್ ಹೇಳಿದ ಮೇಲೆ ಫೋಟೊ ವಿಷಯದಲ್ಲಿ ನಾನು ಹೇಳೋಕೆ ಏನೂ ಇಲ್ಲ. ಜಾಗದ ಬಗ್ಗೆ ಹೇಳ್ತೀನಿ. ನಮ್ಮ ಮನೆಯಲ್ಲಿ ಎರಡು ನಾಯಿ ಇವೆ, ಎರಡೂ ಬೀದಿಯಿಂದ ಬಂದವು.

ತುಮಕೂರಿನಿಂದ ಸ್ವಲ್ಪ ದೂರವೇ ಆದರೂ ಒಮ್ಮೆ ನಮ್ಮ ಕಡೆ ಬಾ ತಂಗಿ. ಪಾಳೇಗಾರ ಬೈರೇಗೌಡರ ಕೋಟೆ ಮೇಲಿಂದ ನೋಡಿದರೆ ಅಮಾನಿ ಬೈರಸಾಗರ ಕೆರೆ ಭಾರತದ ನಕ್ಷೆ ಹಾಗೇ ಕಾಣುತ್ತೆ. ಕೆರೆ ತುಂಬಿದ ವರ್ಷ ಬಂದರೆ ಕಣ್ಣಿಗೆ ಹಬ್ಬ. ಅಜ್ಜಿಯನ್ನು ಕರಿಯನ ಜೊತೆ ಕೆಳಗೆ ಕೆರೆ ಕಡೆ ನೆರಳಲ್ಲಿ ಬಿಟ್ಟು, ನೀವು ಸರದಿಯಲ್ಲಿ ಹತ್ತಬಹುದು.

ಕರಿಯನನ್ನು ಮಾತ್ರ ಹೊತ್ತೇರಿದ ಮೇಲೆ ಬಂಡೆ ಹತ್ತಿಸಬೇಡಿ. ನಮ್ಮ ಚಿಕ್ಕಬಳ್ಳಾಪುರ ಕಡೆ ಎಲ್ಲ ಬೆಟ್ಟವೂ ಕಲ್ಲೇ, ಹತ್ತು ಗಂಟೆಗೆಲ್ಲ ಕಾದ ಹಂಚಾಗಿರುತ್ತೆ. ಅಂಗೈ ಹಿಂಭಾಗವನ್ನು ಕಲ್ಲಿನ ಮೇಲಿಟ್ಟು ನೋಡಿ. ಏಳು ಎಣಿಸೋವರೆಗೂ ಇಡೋಕೆ ಆಗದಿದ್ದರೆ ಅದರ ಪಾದವೂ ಸುಡುತ್ತೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹತ್ತು ವರ್ಷದ್ದು ಬೇರೆ. ಒಂದು ಬಟ್ಟಲು, ಎರಡು ಬಾಟಲಿ ನೀರು ಅದಕ್ಕೇ ಅಂತ ಬೇರೆ ಇರಲಿ.

ಮನೆಗೆ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ನಮ್ಮ ದೊಡ್ಡ ನಾಯಿಗೆ ಹಾಗೇ ಟಿಕ್ ಫೀವರ್ ಬಂದು, ಉಳಿದದ್ದೇ ಹೆಚ್ಚು.

ದೇವರಾಯನದುರ್ಗಕ್ಕೆ ನಾಯಿ ಕರೆದುಕೊಂಡು ಹೋಗಲೇಬೇಡಿ. ಅದು ಕಾಡು, ಚಿರತೆ ಓಡಾಡುವ ಜಾಗ, ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ಕೋತಿ ಕಾಟ ಬೇರೆ. ನಂದಿ ಬೆಟ್ಟವೂ ಭಾನುವಾರ ಬೇಡ, ಆ ಜನಜಂಗುಳಿಯಲ್ಲಿ ನಾಯಿ ಗಾಬರಿ ಬೀಳುತ್ತೆ.

ಶಿರಾದಿಂದ:

ಕಳಿಸುವ ವಿಷಯ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತೆ, ಕಪ್ಪು ಕೂದಲಿನ ಎಳೆಯೆಲ್ಲ ಕಲಸಿಹೋಗುತ್ತೆ. ಮೇಲ್ಗಡೆ ಎಚ್‌ಡಿ ಅಂತ ಇರುತ್ತೆ, ಅದನ್ನು ಒತ್ತಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇನ್ನೂ ಒಳ್ಳೆಯದು, ತೆಗೆದದ್ದು ತೆಗೆದ ಹಾಗೇ ಹೋಗುತ್ತೆ. 143 ಬೇಡ. ಎಂಟು ಹತ್ತು ಆರಿಸಿ, ಒಂದೊಂದರ ಕೆಳಗೂ ಒಂದು ಸಾಲು ಬರೆಯಿರಿ. ದೂರ ಇರುವವರಿಗೆ ಆ ಸಾಲು ಬೇಕು. ನಾನೂ ಹತ್ತು ವರ್ಷ ಹೊರಗಿದ್ದವನು. ಗೆಳತಿಯರ ಫೋಟೊ ಇದ್ದರೆ ಅವರನ್ನು ಒಂದು ಮಾತು ಕೇಳಿಯೇ ಕಳಿಸಿ.

ಕ್ಯಾತಸಂದ್ರದ ಹುಡುಗಿ:

ಸರ್, ಅಕ್ಕ, ಶಿರಾದ ಅಣ್ಣ, ಮೂವರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ದೂರ ಹೋಗಲಿಲ್ಲ. ಸಂಜೆ ನಾಲ್ಕೂವರೆಗೆ ಮತ್ತೆ ಗೂಳೂರು ಕಡೆಗೇ ಹೋದೆವು. ಒಂದು ಹುಣಸೆ ಮರದ ನೆರಳಿನ ಅಂಚಿನಲ್ಲಿ ಕರಿಯನನ್ನು ಕೂರಿಸಿ, ನಾನು ನೆಲಕ್ಕೆ ಕೂತೆ. ಅಜ್ಜಿ ಮುದ್ದೆ ಮುರಿದು ಒಂದು ತುತ್ತು ಅವನ ಬಾಯಿಗೆ ಹಿಡಿದಾಗ ಒತ್ತಿದೆ.

ಸರ್, ಕಣ್ಣಲ್ಲಿ ಬಿಳಿ ಚುಕ್ಕೆ ಬಂದಿದೆ! ಮೂತಿಯ ನರೆ ಒಂದೊಂದು ಎಳೆಯೂ ಬೇರೆ ಬೇರೆ ಕಾಣುತ್ತದೆ. ಅವನ ಮೈ ಪೂರ್ತಿ ಕಪ್ಪು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಕಿವಿ ಹಿಂದೆ ಹೊಂಬಣ್ಣದ ಕೂದಲಿದೆ. ಅಜ್ಜಿಯ ಬೆರಳಿಗೆ ಅಂಟಿದ ರಾಗಿ ಹಿಟ್ಟೂ ಕಾಣುತ್ತದೆ.

ಒಂಬತ್ತು ಫೋಟೊ ಆರಿಸಿ ಅಣ್ಣನಿಗೆ ಕಳಿಸಿದೆ. ಅರ್ಧ ಗಂಟೆ ಉತ್ತರವೇ ಬರಲಿಲ್ಲ. ಆಮೇಲೆ ಫೋನ್ ಮಾಡಿ, "ಎಡಗಿವಿ ತುದಿ ಯಾವಾಗ ಹರೀತು?" ಅಂತ ಕೇಳಿದ. ಎರಡು ವರ್ಷದ ಹಿಂದೆ ಬೇರೆ ನಾಯಿ ಕಚ್ಚಿದ್ದು. ಕೊರಗುತ್ತಾನೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದೆ. ಆಮೇಲೆ ಕರಿಯನ ಕಿವಿ ಹತ್ತಿರ ಫೋನ್ ಹಿಡಿಯೋಕೆ ಹೇಳಿದ.

ಗುಡಿಬಂಡೆ ಅಕ್ಕ, ಮುಂದಿನ ತಿಂಗಳು ಖಂಡಿತ ಬರ್ತೀವಿ. ಬಂಡೆ ಕಾಯೋಕೆ ಮುಂಚೆ ಕೋಟೆ ಹತ್ತಿ ಇಳಿಯಬೇಕಾದರೆ ಅಲ್ಲಿಗೆ ಎಷ್ಟು ಗಂಟೆಗೆ ಬಂದು ಸೇರಬೇಕು?